ಏನು ಕೆಡಬಹುದು ಎಂಬ ಖಾಲಿ ಕಾಲಂ

ಇದು ಆಗುವ ಮಾತಲ್ಲ ಎಂದವರು ನನ್ನ ಸೋದರಮಾವ ತಿಪ್ಪಣ್ಣ. ಗುಟ್ಟಾಗಿ ಹೇಳಲಿಲ್ಲ. ಮಾನ್ವಿಯ ಬಸ್ ನಿಲ್ದಾಣದ ಎದುರಿನ ಚಹಾದಂಗಡಿಯಲ್ಲಿ, ಹತ್ತು ಜನ ಕೇಳುವ ಹಾಗೆ ಹೇಳಿದರು. ನಾನು ಬಿ.ಎಸ್ಸಿ. ಎರಡನೇ ವರ್ಷದ ರಸಾಯನಶಾಸ್ತ್ರದಲ್ಲಿ ಫೇಲಾದ ಸುದ್ದಿ ಆಗಷ್ಟೇ ಊರು ಮುಟ್ಟಿತ್ತು.

"ತಂಗೀ, ಇವನ್ನ ಓದ್ಸೋದು ಸಾಕು ಮಾಡು. ನನ್ನ ಕೂಡ ಕಂಬ ನೆಡಾಕ ಕಳಸು. ನಮ್ಮ ಮನಿತನದಾಗ ಎಲ್ಲಾರೂ ಹೆಬ್ಬೆಟ್ಟು ಒತ್ತಿದೋರು. ಇವ ಡಿಗ್ರಿ ಮುಗಿಸಿ, ಖುರ್ಚಿ ಮ್ಯಾಲ ಕುಂತು ಸಹಿ ಮಾಡೋದು ಆಗೂ ಮಾತಲ್ಲ. ಹಂಗೇನರ ಆದ್ರ, ಇವ ಸಹಿ ಮಾಡಿದ ಕಾಗದ ತಲಿ ಮ್ಯಾಲ ಹೊತ್ಕೊಂಡು ಮಾನ್ವಿ ತುಂಬ ಅಡ್ಡಾಡ್ತೀನಿ."

ನಮ್ಮವ್ವ ರಸ್ತೆ ಕೆಲಸದಲ್ಲಿ ಜಲ್ಲಿಬುಟ್ಟಿ ಹೊತ್ತು ನನ್ನನ್ನು ಓದಿಸುತ್ತಿದ್ದಳು. ಅಣ್ಣನ ಮುಖ ನೋಡಿ, "ಹಂಗಾದ್ರ ತಲಿ ತೊಳಕೊಂಡು ಇಟ್ಟಿರು ಅಣ್ಣಾ" ಎಂದಳು.

ಎರಡನೇ ಸಲ ಬಡಿದಾಡಿ ಪಾಸಾದೆ. ನಮ್ಮ ವಂಶದಲ್ಲಿ ಮೊದಲ ಪದವಿ ನನ್ನದು. ಇದನ್ನು ಹೇಳುವಾಗ ಈಗಲೂ ನನ್ನ ಎದೆ ಒಂದಿಂಚು ಮುಂದೆ ಬರುತ್ತದೆ, ಬರಲಿ ಬಿಡಿ. ಎಪ್ಪತ್ತರ ದಶಕದ ನಡುವೆ ರಾಯಚೂರಿನ ಒಂದು ಕಚೇರಿಯಲ್ಲಿ ಕೆಲಸ ಸಿಕ್ಕಿತು. ಯುವಕ ಮಂಡಳಿ, ಕ್ರೀಡಾ ಸಂಘ, ನಾಟಕ ಸಂಘ, ಹೀಗೆ ನಾಲ್ಕು ಜನ ಸ್ವಂತ ಉಮೇದಿನಿಂದ ಕಟ್ಟಿಕೊಂಡ ಕ್ಲಬ್ಬುಗಳು ಏನಾದರೂ ಕಾರ್ಯಕ್ರಮ ಇಟ್ಟುಕೊಂಡರೆ, ನಾನು ಮೊದಲೇ ಹೋಗಿ ಅಲ್ಲಿ ಯಾರ ಕೈಕಾಲೂ ಮುರಿಯದಂತಿದೆಯೇ ಎಂದು ನೋಡಬೇಕು. ಇದ್ದರೆ ಸುರಕ್ಷತಾ ಪ್ರಮಾಣಪತ್ರ ಕೊಡಬೇಕು. ಇಲ್ಲದಿದ್ದರೆ ಬೈಸಿಕೊಂಡು ಬರಬೇಕು.

ಈ ಕೆಲಸಕ್ಕೆ ಈಗ ಸೇರುವ ಹುಡುಗ ಹುಡುಗಿಯರಿಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಸಂಬಳ ತೆಗೆದುಕೊಳ್ಳುವವನನ್ನು ಗದರಿಸಬಹುದು. ಪುಕ್ಕಟೆ ದುಡಿಯುವವನನ್ನು ಗದರಿಸಿದರೆ ಅವನು ಹಾರೆ ಕೈಬಿಟ್ಟು, "ಹಂಗಾದ್ರ ನೀವ ಮಾಡ್ರಿ" ಎಂದು ನೆರಳಿಗೆ ಹೋಗಿ ಕೂರುತ್ತಾನೆ. ಆಗ ಹಾರೆ ನಿಮ್ಮ ಕಾಲಬುಡದಲ್ಲಿ ಬಿದ್ದಿರುತ್ತದೆ. ನಾನು ಎಷ್ಟೋ ಸಲ ಅದನ್ನು ಎತ್ತಿಕೊಂಡು ಗುಂಡಿ ತೋಡಿದ್ದೇನೆ. ಪದವಿಗೆ ಏನೂ ಆಗಲಿಲ್ಲ.

ನನ್ನ ಮೇಲಧಿಕಾರಿ ಖಾದರ್ ಸಾಹೇಬರು. ನಿಜಾಮರ ಕಾಲದ ಉರ್ದು ಶಾಲೆಯಲ್ಲಿ ಕಲಿತವರು. ಫೈಲು ಓದುವಾಗ ಕನ್ನಡಕ ತೆಗೆದಿಡುತ್ತಿದ್ದರು, ಜನರನ್ನು ನೋಡುವಾಗ ಹಾಕಿಕೊಳ್ಳುತ್ತಿದ್ದರು. ಮೊದಲ ದಿನ ನನಗೆ ಕೊಟ್ಟ ತರಬೇತಿ ಇಷ್ಟೇ: "ದೇಖೋ ಮಿಯಾ, ಪೆಂಡಾಲಿನ ಮ್ಯಾಲ ನೋಡಾಕ ಅತಿಥಿಗಳು ಬರ್ತಾರ. ನೀ ನೀಚೆ ದೇಖೋ. ಕಂಬದ ಬುಡ, ವೇದಿಕಿ ಅಡಿ. ಅಲ್ಲಿ ಯಾರೂ ನೋಡಂಗಿಲ್ಲ."

ಈ ಮಾತನ್ನು ನಾನು ಅತಿಯಾಗಿ ಪಾಲಿಸಿದೆ. ರಾಯಚೂರಿನ ಒಂದು ನಾಟಕ ಸಂಘದವರ ವೇದಿಕೆಯ ಅಡಿ ತೆವಳಿಕೊಂಡು ಹೋಗಿ ಹಲಗೆಗಳ ಮೊಳೆ ಎಣಿಸುತ್ತಿದ್ದೆ. ನಾನು ಒಳಗಿದ್ದೇನೆಂದು ತಿಳಿಯದೆ ಅವರು ಮುಂದಿನ ಬದಿಗೆ ಬಣ್ಣದ ಬಟ್ಟೆ ಬಿಗಿದು, ಹಿಂದಿನ ಕಿಂಡಿಗೆ ಟ್ರಂಕುಗಳನ್ನು ಒಟ್ಟಿಬಿಟ್ಟರು. ಅಷ್ಟರಲ್ಲಿ ಅತಿಥಿಗಳು ಬಂದರು. ನನ್ನ ತಲೆಯ ಮೇಲೆಯೇ ಸ್ವಾಗತ ಭಾಷಣ ಶುರುವಾಯಿತು. ಒಂದು ಸ್ವಾಗತ ಭಾಷಣವನ್ನು ಮೊದಲಿನಿಂದ ಕೊನೆಯವರೆಗೆ ನಾನು ಕೇಳಿದ್ದು ಜೀವನದಲ್ಲಿ ಅದೊಂದೇ. ಚಪ್ಪಾಳೆ ಬಿದ್ದ ಹೊತ್ತಿಗೆ ಮುಂದಿನ ಬಟ್ಟೆ ಸೀಳಿ, ಮೈತುಂಬ ಧೂಳು ಮತ್ತು ಜೇಡರ ಬಲೆಯೊಂದಿಗೆ ಹೊರಬಂದೆ. ಜನ ನಾಟಕ ಶುರುವಾಯಿತೆಂದು ಶಿಳ್ಳೆ ಹಾಕಿದರು. ಅತಿಥಿಗಳು ಎದ್ದು ನಿಂತು ನನಗೆ ಕೈಮುಗಿದರು.

ಮರುದಿನ ಖಾದರ್ ಸಾಹೇಬರು ಕೇಳಿದ್ದು ಒಂದೇ: "ಮೊಳಿ ಎಷ್ಟಿದ್ವು?"

ನಾನು ಹೋದಲ್ಲೆಲ್ಲ "ಇದು ಬಿದ್ದರೆ?" "ಅದು ಹತ್ತಿಕೊಂಡರೆ?" ಎಂದು ಕೇಳುತ್ತಿದ್ದುದರಿಂದ ನನಗೆ 'ಬಿದ್ರ ಸಾಹೇಬ' ಎಂದು ಹೆಸರು ಬಿತ್ತು. ತಾಯಿ ಇಟ್ಟ ಹೆಸರು ಸಂಬಳದ ದಿನ ಮಾತ್ರ ಬಳಕೆಗೆ ಬರುತ್ತಿತ್ತು.

ಇನ್ನು ದೇವದುರ್ಗದ ಗ್ಯಾಲರಿಯ ವಿಷಯ. ಇದನ್ನು ಬಿಟ್ಟುಬಿಡೋಣವೆಂದು ಎರಡು ದಿನ ಪೆನ್ನು ಮುಚ್ಚಿಟ್ಟಿದ್ದೆ. ಆದರೆ ನನ್ನ ತಪ್ಪು ಬಿಟ್ಟು ಬೇರೆಯವರದನ್ನು ಮಾತ್ರ ಬರೆದರೆ ಇದು ಅನುಭವ ಕಥನವಾಗುವುದಿಲ್ಲ, ದೂರು ಅರ್ಜಿಯಾಗುತ್ತದೆ.

ದೇವದುರ್ಗದ ಕ್ಲಬ್ಬಿನವರು ಬೇಸಿಗೆಯಲ್ಲಿ ಮೂರು ದಿನದ ಕಬಡ್ಡಿ ಪಂದ್ಯ ಇಟ್ಟಿದ್ದರು. ಜನ ಕೂರಲು ಬೊಂಬು, ಹಲಗೆಗಳ ಎತ್ತರದ ಗ್ಯಾಲರಿ. ನಾನು ಬೆಳಿಗ್ಗೆಯೇ ಹೋಗಿ ನೋಡಿದರೆ ಕಟ್ಟಿ ನಿಂತವರು ತಿಪ್ಪಣ್ಣ ಮಾವ. ಮಾನ್ವಿ, ದೇವದುರ್ಗದ ಕಡೆ ಪೆಂಡಾಲು, ಗ್ಯಾಲರಿ ಎಂದರೆ ಅವರದೇ ಕೈ. ನಾನು ಕಚೇರಿಯ ಗತ್ತಿನಲ್ಲಿ, "ಕಂಬ ಎಷ್ಟು ಆಳ ಹೂಳೀರಿ?" ಎಂದೆ.

"ಯಾರಿಗಿ ರೀ ಅನ್ನಾಕತ್ತೀಯೋ? ನಿನ್ನ ತೊಟ್ಲ ಕಟ್ಟಿದ ಹಗ್ಗ ಅದ ಇದು."

"ಆಳ ಎಷ್ಟು ಮಾವಾ?"

"ಒಂದೂವರಿ ಮೊಳ. ನೀ ಹುಟ್ಟೋಕಿಂತ ಮೊದ್ಲಿಂದ ಒಂದೂವರಿ ಮೊಳ. ಇವತ್ತಿನ ತನಕ ಒಂದರ ಬಿದ್ದದೇನು?"

ಅದು ಎರೆ ಭೂಮಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿಗಿಯಾಗಿ ಕಾಣುವ ಕಂಬ ಒಳಗೆ ಗಾಳಿಯಲ್ಲಿ ನಿಂತಿರುತ್ತದೆ. ಎರಡೂವರೆ ಮೊಳವಾದರೂ ಬೇಕಿತ್ತು. ಪಂದ್ಯ ಶುರುವಾಗುವುದು ಸಂಜೆ, ಹೊತ್ತು ಬೇಕಾದಷ್ಟಿತ್ತು. ಬೇರೆ ಯಾರಾದರೂ ಕಟ್ಟಿದ್ದರೆ, ಇನ್ನೊಂದು ಮೊಳ ತೋಡಿಸಿ ಕಾಗದ ಕೊಟ್ಟು ಬರುತ್ತಿದ್ದೆ. ಆದರೆ ಇವರು ಮಾವ. ಮಾವನಿಗೆ ಸಡಿಲ ಬಿಟ್ಟ ಎಂದು ನಾಳೆ ಯಾರಾದರೂ ಅಂದರೆ? ಆ ಚಹಾದಂಗಡಿಯ ಮಾತೂ ಒಳಗೆಲ್ಲೋ ಚುಚ್ಚುತ್ತಿತ್ತು. ಎಲ್ಲರೆದುರು ಕೆಂಪು ಶಾಯಿಯಲ್ಲಿ 'ಜನ ಕೂರಲು ಯೋಗ್ಯವಲ್ಲ' ಎಂದು ಬರೆದು, ಕೆಳಗೆ ದೊಡ್ಡದಾಗಿ ಸಹಿ ಹಾಕಿದೆ. ಅಷ್ಟು ದೊಡ್ಡ ಸಹಿ ಮುಂದೆಂದೂ ಹಾಕಲಿಲ್ಲ.

ಜನ ಮೂರು ದಿನ ನೆಲದ ಮೇಲೆ ಕೂತು ಪಂದ್ಯ ನೋಡಿದರು. ಖಾಲಿ ಗ್ಯಾಲರಿ ಮೂರು ದಿನವೂ ಜಗ್ಗದೆ ನಿಂತಿತ್ತು. ಕ್ಲಬ್ಬಿನ ಕಾರ್ಯದರ್ಶಿ ರಸೂಲ್, ಮೇಲೆ ಸಾಲಾಗಿ ಕೂತ ಕಾಗೆಗಳನ್ನು ತೋರಿಸಿ, "ಸಾಹೇಬ್ರ, ಅವಕ್ಕೂ ಒಂದು ನೋಟಿಸ್ ಕೊಡ್ರಿ. ಪರ್ಮಿಶನ್ ಇಲ್ಲದ ಕುಂತಾವ" ಎಂದ. ಊರೆಲ್ಲ ನಕ್ಕಿತು. ಮಾವ ನಗಲಿಲ್ಲ. ನನ್ನ ಕಡೆ ನೋಡಲೂ ಇಲ್ಲ.

ನಮ್ಮ ಕೆಲಸದ ಫಲ ಎಂದರೆ ಏನೂ ಆಗದಿರುವುದು. ಏನೂ ಆಗದಿದ್ದುದಕ್ಕೆ ಯಾರೂ ಹಾರ ಹಾಕುವುದಿಲ್ಲ. ನೀನು ತಡೆದದ್ದರಿಂದ ಆಗಲಿಲ್ಲವೋ, ಹೇಗೂ ಆಗುತ್ತಿರಲಿಲ್ಲವೋ, ಹೇಳುವವರಿಲ್ಲ.

ಆ ವರ್ಷ ನಾಗರ ಪಂಚಮಿಗೆ ಮಾವ ಬರಲಿಲ್ಲ. ನಮ್ಮ ಕಡೆ ಪಂಚಮಿ ಎಂದರೆ ಅಣ್ಣನಾದವನು ಬಂದು ತಂಗಿಯನ್ನು ತವರಿಗೆ ಕರೆದೊಯ್ಯಬೇಕು. ಉಂಡಿ, ಜೋಕಾಲಿ, ನಾಲ್ಕು ದಿನ ಹೆಣ್ಣುಮಕ್ಕಳಿಗೆ ಯಾರೂ ಕೆಲಸ ಹೇಳುವಂತಿಲ್ಲ. ನಮ್ಮವ್ವ ರಾಯಚೂರಿನ ನಮ್ಮ ಮನೆಯಲ್ಲಿ ಸೀರೆ ಮಡಿಸಿ ಗಂಟು ಕಟ್ಟಿ, ಹೊಸ್ತಿಲ ಬಳಿ ಕೂತಳು. ಸಂಜೆಯಾಗುವಾಗ, "ಬಸ್ ತಪ್ಪಿರಬೇಕು" ಎಂದು ಗಂಟು ಬಿಚ್ಚಿದಳು. ಮರುವರ್ಷವೂ ಅಷ್ಟೇ. ಅದರ ಮರುವರ್ಷವೂ ಬಸ್ಸೇ ತಪ್ಪಿತು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಾವ ಸುಮ್ಮನಿದ್ದರು ಎಂದುಕೊಳ್ಳಬೇಡಿ. ಸೇಡು ಬೇರೆ ದಾರಿಯಿಂದ ಬಂತು.

ಬೆಂಕಿ ಬಿದ್ದರೆ ಎಂದು ಪ್ರತಿ ಪೆಂಡಾಲಿನಲ್ಲಿ ಮರಳು ತುಂಬಿದ ನಾಲ್ಕು ಕೆಂಪು ಬಕೀಟು ಇರಬೇಕೆಂಬ ನಿಯಮವಿತ್ತು. ಮೊದಮೊದಲು ಯಾರೂ ಇಡುತ್ತಿರಲಿಲ್ಲ. ಇಟ್ಟರೂ ಊಟದ ಹೊತ್ತಿಗೆ ಅವುಗಳಲ್ಲಿ ಸಾರು ಬರುತ್ತಿತ್ತು. ಇದ್ದಕ್ಕಿದ್ದಂತೆ ಎಲ್ಲ ಕ್ಲಬ್ಬಿನವರೂ ಶಿಸ್ತಿನವರಾದರು. ಎಲ್ಲಿ ಹೋದರೂ ಫಳಫಳ ಹೊಳೆಯುವ ನಾಲ್ಕು ಬಕೀಟು. ನಾನು ಹೆಮ್ಮೆಯಿಂದ ಮೂರು ಊರಿನ ವರದಿ ಬರೆದೆ. ಖಾದರ್ ಸಾಹೇಬರು ಕನ್ನಡಕ ಹಾಕಿಕೊಂಡು ನನ್ನ ಮುಖ ನೋಡಿದರು. "ಎಲ್ಲಾ ಬಕೀಟಿನ ಹಿಡಿಕಿ ಎಡಕ್ಕ ಸೊಟ್ಟ ಅದ ಅಂತ ನೀನ ಬರದೀಯಲ್ಲ. ಮೂರೂ ಊರಾಗ?"

ಮರುವಾರ ಬೆಳಿಗ್ಗೆ ಮಾನ್ವಿಯಲ್ಲಿ ಒಂದು ಬಕೀಟಿನ ಮರಳಿಗೆ ಹುಣಸೆ ಬೀಜವೊಂದನ್ನು ಒತ್ತಿ ಬಂದೆ. ಮಧ್ಯಾಹ್ನ ದೇವದುರ್ಗದಲ್ಲಿ ಬಕೀಟಿಗೆ ಬೆರಳು ಹಾಕಿದೆ. ಹುಣಸೆ ಬೀಜ ಸಿಕ್ಕಿತು. ಇನ್ನೂ ಕೆಳಗೆ ಹೋದರೆ ಜೋಳದ ಹೊಟ್ಟು. ಮೇಲೆ ಒಂದು ಬೆರಳು ಮರಳು, ಒಳಗೆಲ್ಲ ಹೊಟ್ಟು. ಬೆಂಕಿ ಆರಿಸಲು ಇಟ್ಟ ಬಕೀಟಿಗೇ ಮೊದಲು ಬೆಂಕಿ ಹತ್ತುತ್ತಿತ್ತು.

ವಾಪಸು ಬರುವಾಗ ಕಂಡಕ್ಟರ್ ತಾನೇ ಮಾತು ತೆಗೆದ. "ನಿಮ್ಮ ಬಕೀಟು ಮುಂದಿನ ಬಸ್ಸಿಗಿ ಹೋದ್ವು ಸಾಹೇಬ್ರ. ನಾಳಿ ಬಾಗಲವಾಡ ಅಲ್ಲೇನ್ರಿ?"

"ಯಾರವು?"

"ತಿಪ್ಪಣ್ಣಂವು. ಪೆಂಡಾಲಿನ ಕೂಡ ಕೊಡ್ತಾನ. ಬಿದ್ರ ಸಾಹೇಬನ ಬಕೀಟು ಅಂತಾರ ಅವಕ್ಕ. ನೀವು ಊಟಕ್ಕ ಕುಂತಾಗ ಅವು ಟಾಪ್ ಮ್ಯಾಲ ಹತ್ತತಾವ."

ಮನೆಗೆ ಬಂದು ಅವ್ವನಿಗೆ ಹೇಳಿದೆ. ಸೆರಗು ಬಾಯಿಗೆ ಒತ್ತಿಕೊಂಡು ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. "ಹೊಟ್ಟು ತುಂಬ್ಸ್ಯಾನ? ಅಂವ ಸಣ್ಣಾವಿದ್ದಾಗಿಂದ ಹಂಗ" ಎಂದಳು. ಅಣ್ಣನ ಮಾತನ್ನು ಅವಳು ಬಾಯಿಬಿಟ್ಟು ಆಡಿದ್ದು ಆ ಗ್ಯಾಲರಿಯ ನಂತರ ಅದೇ ಮೊದಲು. ನಾನು ಆ ಬಕೀಟುಗಳ ಮೇಲೆ ಯಾವ ಕ್ರಮವನ್ನೂ ಬರೆಯಲಿಲ್ಲ. ಹೊಟ್ಟು ತೆಗೆಸಿ ಪೂರ್ತಿ ಮರಳು ತುಂಬಿಸಲು ಹೇಳಿ ಕಳಿಸಿದೆ. ಅಂದಿನಿಂದ ಅವು ಭಾರವಾದವು. ಬಸ್ಸಿನ ಮೇಲೆ ಎತ್ತಲಾರದೆ ಕ್ಲಬ್ಬಿನವರು ತಮ್ಮ ತಮ್ಮ ಬಕೀಟು ಮಾಡಿಸಿಕೊಂಡರು.

ಎಂಬತ್ತರ ದಶಕ ಬಂದಾಗ ಹೊಸ ನಮೂನೆ ಬಂತು. ಸೈಕ್ಲೋಸ್ಟೈಲ್ ಮಾಡಿದ, ಕೈಗೆ ಮಸಿ ಹತ್ತುವ ಎರಡು ಹಾಳೆ. ಮುಖ್ಯ ಕಾಲಂ: 'ಈ ಕಾರ್ಯಕ್ರಮದಲ್ಲಿ ಏನು ಕೆಡಬಹುದು?' ಅದನ್ನು ಕ್ಲಬ್ಬಿನವರೇ ತುಂಬಬೇಕು. ಮೇಲಿನವರಿಗೆ ನಮ್ಮ ಜನ ಗೊತ್ತಿರಲಿಲ್ಲ. ಶುಭಕಾರ್ಯಕ್ಕೆ ಮುಂಚೆ ಯಾವನಾದರೂ ಕೈಯಾರೆ ಕೆಟ್ಟದ್ದನ್ನು ಬರೆಯುತ್ತಾನೆಯೇ? ನಾಲಿಗೆಯ ಮೇಲೆ ತಂದರೇ ನಡೆದುಹೋಗುತ್ತದೆಂಬ ಅಂಜಿಕೆ. ಮಾನ್ವಿ ಕ್ಲಬ್ಬಿನ ಕಾರ್ಯದರ್ಶಿ ಬಸವರಾಜ ಹಾಳೆಯನ್ನು ಬೆರಳ ತುದಿಯಲ್ಲಿ ಹಿಡಿದು, "ಒಳ್ಳೇದು ನುಡೀರಿ ಸಾಹೇಬ್ರ. ಇದ್ನ ಬರದ್ರ ನನ್ನ ಕೈ ಸೇದಿ ಮರಗಟ್ಟಿಹೋಗ್ತದ" ಎಂದ. ಬಂದ ನಮೂನೆಗಳಲ್ಲಿ ಆ ಕಾಲಂ ಖಾಲಿ. ಕೆಲವರು ಕುಂಕುಮ ಹಚ್ಚಿ ಕಳಿಸಿದ್ದರು. ಒಬ್ಬ ಮಾತ್ರ ಬರೆದಿದ್ದ: 'ಹನುಮಪ್ಪ ಅದಾನ.'

ದಾರಿ ತೋರಿಸಿದವನು ಕಾಗೆಯ ರಸೂಲ್. ದೇವದುರ್ಗದಲ್ಲಿ ಅವನೆದುರು ಖಾಲಿ ಹಾಳೆ ಹಿಡಿದು ಕೂತಿದ್ದೆ. ಬೇಸತ್ತು, "ನಮ್ದ ಬಿಡ್ರಿ, ಆ ಮಾನ್ವಿಯವರು ಚೀಕಲಪರ್ವಿ ಹೊಳ್ಯಾಗ ಹರಗೋಲು ಪಂದ್ಯ ಮಾಡ್ತಾರಂತಲ್ಲ, ಅದ್ನ ನೋಡ್ರಿ ಮೊದ್ಲ" ಎಂದ.

"ಯಾಕ? ಅಲ್ಲೇನು ಕೆಡ್ತದ?"

"ಏನು ಕೆಡಂಗಿಲ್ಲ ಕೇಳ್ರಿ." ಶುರು ಮಾಡಿದ. ಹರಗೋಲಿನ ತಳಕ್ಕೆ ಡಾಂಬರು ಹಚ್ಚಿಲ್ಲ. ಈಜು ಬಾರದವರೂ ಹೆಸರು ಕೊಟ್ಟಿದ್ದಾರೆ. ಬಂಡೆಗಳಿರುವ ಕಡೆಯೇ ಪಂದ್ಯದ ದಾರಿ ಹಾಕಿದ್ದಾರೆ. ನೋಡುವ ಜನ ಜಾರುವ ದಂಡೆಯ ಮೇಲೆ. ಬಸವರಾಜನ ಭಾಷಣ ಬಿಸಿಲಲ್ಲಿ ಒಂದು ತಾಸು, ನಾಲ್ಕು ಮಂದಿಯಾದರೂ ತಲೆ ತಿರುಗಿ ಬೀಳುತ್ತಾರೆ. ಹದಿನಾಲ್ಕು ಅಪಾಯ ಹೇಳಿ ಚಹಾ ತರಿಸಿದ. ನಾನು ಎಲ್ಲ ಬರೆದುಕೊಂಡು ಮಾನ್ವಿಗೆ ಹೋಗಿ, "ದೇವದುರ್ಗದವರ ಪಂದ್ಯದಾಗ ಏನು ಕೆಡಬಹುದು?" ಎಂದು ಕೇಳಿದೆ. ಬಸವರಾಜನ ಕೈ ಸೇದಲಿಲ್ಲ. ನಾಲ್ಕು ಹಾಳೆ ಬರೆದು, ಇನ್ನೊಂದು ಕೊಡಿ ಎಂದ.

ಒಂದು ವರ್ಷ ಈ ಅದಲಿ ಬದಲಿ ನಡೆಯಿತು. ಆಮೇಲೆ ಇಬ್ಬರೂ ರಾಯಚೂರಿನಲ್ಲಿ ಎದುರಾದಾಗ ಗುಟ್ಟು ಬಯಲಾಯಿತು. ಒಂದು ವಾರ ನನ್ನ ಜೊತೆ ಮಾತು ಬಿಟ್ಟರು. ಆದರೆ ಎದುರು ಊರಿನವರು ಬೆರಳು ಮಾಡಿ ತೋರಿಸಿದ ತಪ್ಪನ್ನು ಉಳಿಸಿಕೊಳ್ಳುವ ಗಂಡಸು ನಮ್ಮ ಜಿಲ್ಲೆಯಲ್ಲಿಲ್ಲ. ಹರಗೋಲಿಗೆ ಡಾಂಬರು ಬಿತ್ತು. ಭಾಷಣಕ್ಕೆ ನೆರಳು ಬಂತು, ಭಾಷಣ ಮಾತ್ರ ಕಡಿಮೆಯಾಗಲಿಲ್ಲ.

ಮುಂದೆ ಶಕ್ತಿನಗರದ ಕಲ್ಲಿದ್ದಲು ವಿದ್ಯುತ್ ಸ್ಥಾವರದ ಕಡೆಯಿಂದ ಬಂದ ಒಬ್ಬ ಎಂಜಿನಿಯರು ಇನ್ನೊಂದು ಪದ್ಧತಿ ಕಲಿಸಿದರು. ಮಂದಿ ಕೂರುವ ಮುಂಚೆ ಅಷ್ಟೇ ತೂಕದ ಬೂದಿ ಚೀಲ ಹೇರಿ ನೋಡುವುದು. ಚೀಲಗಳಿಗೆ ಅಪಶಕುನದ ಭಯವಿಲ್ಲ, ಭಾಷಣವೂ ಬೇಕಿಲ್ಲ. ನನಗೆ ಬಹಳ ಹಿಡಿಸಿತು.

ಇಷ್ಟರಲ್ಲಿ ನಮ್ಮವ್ವನ ಗಂಟು ಏಳು ಪಂಚಮಿಗೆ ಕಟ್ಟಿ, ಏಳು ಸಲ ಬಿಚ್ಚಿಯಾಗಿತ್ತು. ಎಂಟನೆಯದಕ್ಕೆ ಮಾನ್ವಿ ಕ್ಲಬ್ಬಿನ ಅರ್ಜಿ ಬಂತು. ಊರ ಹೆಣ್ಣುಮಕ್ಕಳಿಗೆಲ್ಲ ಬಯಲಲ್ಲಿ ಒಂದು ದೊಡ್ಡ ಜೋಕಾಲಿ. ಕಟ್ಟುವವರು: ತಿಪ್ಪಣ್ಣ.

ಈ ಸಲ ನಾನು ಮೊದಲೇ ಖಾದರ್ ಸಾಹೇಬರ ಮುಂದೆ ಹೋಗಿ, "ಇವರು ನನ್ನ ಸೋದರಮಾವ. ದೇವದುರ್ಗದಾಗೂ ಇವರ ಇದ್ರು. ಅವತ್ತು ನಿಮಗ ಹೇಳಿರಲಿಲ್ಲ" ಎಂದೆ.

"ಏಳು ವರ್ಷದ ಹಿಂದ ರಸೂಲ್ ಹೇಳ್ಯಾನ" ಎಂದು ಅವರು ಛತ್ರಿ ತೆಗೆದುಕೊಂಡರು. "ನಡಿ, ನಾನೂ ಬರ್ತೀನಿ. ಮೊದ್ಲ ನನ್ನ ಸಹಿ, ಆಮ್ಯಾಲ ನಿಂದು."

ಪಂಚಮಿಯ ಮುಂಚಿನ ದಿನ. ಬೆಳಗಿನ ಹೊತ್ತು. ಶ್ರಾವಣದ ಜಿಟಿಜಿಟಿ ನಿಂತು ಬಯಲೆಲ್ಲ ಕಾಲಿಗೆ ಅಂಟುತ್ತಿತ್ತು. ಮಾವನ ಮೀಸೆ ಪೂರ್ತಿ ಬೆಳ್ಳಗಾಗಿತ್ತು. ತಲೆಗೆ ಸುತ್ತಿದ ರುಮಾಲು ಮಾತ್ರ ಅದೇ. ಖಾದರ್ ಸಾಹೇಬರಿಗೆ ಸಲಾಮು ಮಾಡಿ, ನನಗೆ ಬೆನ್ನು ಮಾಡಿ ನಿಂತರು. ನಾಲ್ಕು ಹೆಣ್ಣುಮಕ್ಕಳ ತೂಕದ ಬೂದಿ ಚೀಲಗಳನ್ನು ಹಲಗೆಗೆ ಬಿಗಿದೆವು. ಮಾವ ತಾವೇ ಜೀಕಿದರು. ಕಂಬ ಮಿಸುಕಲಿಲ್ಲ. ಖಾದರ್ ಸಾಹೇಬರು ಒದ್ದೆ ನೆಲದಲ್ಲಿ ಮೊಣಕಾಲೂರಿ ಕಂಬಗಳ ಬುಡ ನೋಡಿ, ತಲೆಯಾಡಿಸಿದರು.

ಉಳಿದದ್ದು ನಮೂನೆ. ಬಸವರಾಜ ಹಿಂದೆ ಸರಿದು, "ಕಟ್ಟಿದೋರ ಹೇಳ್ಲಿ" ಎಂದ. ನಾನು ಕಾಲಂ ಓದಿದೆ. ಮಾವ ಹಗ್ಗದ ಗಂಟು ನೋಡುತ್ತ ನಿಂತರು. ನಾಳೆ ಊರ ಹೆಣ್ಣುಮಕ್ಕಳು ಕೂರುವ ಜೋಕಾಲಿ. ಅದರ ಮೇಲೆ ಕೆಟ್ಟ ಮಾತು ಹೇಗೆ ಆಡುತ್ತಾರೆ? ನನ್ನ ಹಳೆಯ ಉಪಾಯ ತೆಗೆದೆ.

"ಬಾಗಲವಾಡದಾಗೂ ಇಂಥದ್ದ ಜೋಕಾಲಿ ಹಾಕ್ಯಾರಂತ ಮಾವಾ. ಅದರಾಗ ಏನು ಕೆಡಬಹುದು?"

"ಆ ಆಟ ಜಿಲ್ಲಾಕ್ಕೆಲ್ಲ ಗೊತ್ತಾಗ್ಯದ" ಎಂದು ಮಾವ ತಿರುಗಿದರು. ಏಳು ವರ್ಷದಲ್ಲಿ ನನಗೆ ಆಡಿದ ಮೊದಲ ಮಾತು. "ಬಾಗಲವಾಡದ್ದು ಬ್ಯಾಡ. ಬರಕೋ. ದೇವದುರ್ಗದ ಗ್ಯಾಲರಿ."

ನನ್ನ ಪೆನ್ನು ನಿಂತಿತು.

"ಬರಿಯೋ. ಮೂರನೇ ಕಂಬ. ಪಂದ್ಯ ಮುಗದು ಬಿಚ್ಚುಮುಂದ ಎಲ್ಲಾ ಕಂಬಕ್ಕೂ ಹಾರಿ ಹಚ್ಚಿದೆ. ಅದಕ್ಕ ಹಚ್ಚಲಿಲ್ಲ. ಒಂದ ಕೈಲೆ ಜಗ್ಗಿದೆ, ಮೂಲಂಗಿ ಕಿತ್ತಂಗ ಬಂತು. ಮ್ಯಾಲ ಕಾಗಿ ಕುಂತಿದ್ವು, ಅದಕ್ಕ ನಿಂತಿತ್ತು. ಮಂದಿ ಕುಂತಿದ್ರ..." ರುಮಾಲಿನ ತುದಿಯಿಂದ ಮುಖ ಒರೆಸಿಕೊಂಡರು. "ಯಾರ ಮುಂದೂ ಅಂದಿದ್ದಿಲ್ಲ. ನಿಮ್ಮವ್ವನ ಮುಂದ ಬಂದು ಕುಂತ್ರ ಬಾಯಿಬಿಟ್ಟೇನು ಅಂತ ಪಂಚಮಿಗೂ ಬರಲಿಲ್ಲ."

ನಾವೆಲ್ಲ ಸಿಟ್ಟೆಂದುಕೊಂಡಿದ್ದೆವು.

"ಮಾವಾ, ಅವತ್ತು ಇನ್ನೊಂದು ಮೊಳ ತೋಡ್ರಿ ಅಂದಿದ್ರ ಸಾಕಿತ್ತು. ಹೊತ್ತಿತ್ತು. ನಾ ಅನ್ನಲಿಲ್ಲ."

"ನೀ ಅಂದಿದ್ರ ನಾ ತೋಡ್ತಿದ್ನೇನು? ಬಿಡು. ಇಲ್ಲಿ ಮೂರು ಮೊಳ ಅದ. ಬುಡಕ್ಕ ಗರಸು, ಕಲ್ಲು ಬಡದೀನಿ. ಆದ್ರೂ ಬರಕೋ. ಮಳಿ ಬಂದ್ರ ಎರಿ ಉಬ್ಬತದ, ದಿನಾ ಮುಂಜಾನಿ ತಿಪ್ಪಣ್ಣ ಬಂದು ಬುಡ ನೋಡಬೇಕು. ಹಗ್ಗ ತೊಲಿ ಮ್ಯಾಲ ತಿಕ್ಕತದ, ಅಲ್ಲಿ ಚರ್ಮ ಸುತ್ತಬೇಕು. ನಾಕು ಮಂದಿಗಿಂತ ಹೆಚ್ಚು ಕುಂದರಬಾರದು. ಬಸವರಾಜ ಭಾಷಣ ಮಾಡಬಾರದು."

"ಯಪ್ಪಾ, ಅದೂ ಅಪಾಯನ?" ಎಂದ ಬಸವರಾಜ. ಖಾದರ್ ಸಾಹೇಬರು, "ಲಿಖೋ ಮಿಯಾ, ಲಿಖೋ" ಎಂದರು.

ನನ್ನ ನೌಕರಿಯಲ್ಲಿ ಆ ಕಾಲಂ ಪೂರ್ತಿ ತುಂಬಿದ್ದು, ಅದೂ ಸ್ವಂತ ಕೆಲಸದ ಬಗ್ಗೆ, ಅದೇ ಮೊದಲು. ತುಂಬಿಸಿದವರು ಓದು ಬಾರದ ಮನುಷ್ಯ. ಚರ್ಮ ಸುತ್ತುವವರೆಗೆ ಕಾದೆವು. ಖಾದರ್ ಸಾಹೇಬರು ಸಹಿ ಮಾಡಿದರು. ಅದರ ಕೆಳಗೆ ನಾನು ಸಣ್ಣದಾಗಿ ಮಾಡಿದೆ. ಬಸವರಾಜ ಕೈ ಚಾಚಿದ. ಸಾಹೇಬರು ಅವನನ್ನು ತಡೆದು, "ಕಟ್ಟಿದವರ ಕೈಗೆ ಕೊಡು" ಎಂದರು.

ಮಾವ ಪ್ರಮಾಣಪತ್ರವನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ತಲೆಕೆಳಗಾಗಿ ಹಿಡಿದಿದ್ದರು. ನಾನು ತಿರುಗಿಸಲು ಹೋಗಲಿಲ್ಲ. ನನ್ನ ಸಹಿ ಎಲ್ಲಿದೆ ಎಂದು ಕೇಳಿ, ಅಲ್ಲಿ ಹೆಬ್ಬೆರಳು ಆಡಿಸಿ, ನಾಲ್ಕು ಮಡಿಕೆ ಮಾಡಿದರು. ರುಮಾಲು ಬಿಚ್ಚಿ ಕಾಗದವನ್ನು ನೆತ್ತಿಯ ಮೇಲಿಟ್ಟು, ಅದರ ಮೇಲೆ ಮತ್ತೆ ರುಮಾಲು ಸುತ್ತಿದರು. ಬಸ್ ನಿಲ್ದಾಣಕ್ಕೆ ಹತ್ತಿರದ ದಾರಿ ಬಿಟ್ಟು, ಸಂತೆ ಬೀದಿಯ ಕಡೆ ಹೊರಟರು.

"ಎಲ್ಲಿಗಿ ಮಾವಾ?"

"ಊರೆಲ್ಲಾ ಸುತ್ತಿ ರಾಯಚೂರ ಬಸ್ ಹಿಡೀತೀನಿ. ನಾಕು ಮಂದಿ ಕುಂದರಬಹುದು ಅಂತ ಬರದೀಯಲ್ಲ, ಅದರಾಗ ಒಂದು ಜಾಗ ನಿಮ್ಮವ್ವಂದು. ಕರಕೊಂಡು ಬರ್ತೀನಿ. ಅದಕ್ಕೂ ನಿನ್ನ ಕಾಗದ ಬೇಕಂದ್ರ ಈಗ ಹೇಳಿಬಿಡು, ತಲಿ ಮ್ಯಾಲ ಇನ್ನೂ ಜಾಗ ಅದ."